ಲಾಲಪ್ಪನ ಸದರ್ ಚೌಕ

ಕಲ್ಲಬಾವಿಯ ಲಾಲಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಇನ್ನು ಸ್ವಲ್ಪ ಹೊತ್ತಿಗೆ ಅವನು ಒಂದು ಸುಳ್ಳು ಹೇಳುವವನಿದ್ದಾನೆ. ಅದೂ ಸರಕಾರದ ಮುಂದೆ, ಸರಕಾರ ದೌತಿಯಲ್ಲಿ ಲೇಖನಿ ಅದ್ದಿಕೊಂಡು ಬರೆಯಲು ಕೂತಿರುವಾಗ. ಜನ್ಮದಲ್ಲಿ ಅವನು ಹೇಳಿದ ದೊಡ್ಡ ಸುಳ್ಳು ಅದೊಂದೇ. ಅನುಭವ ಇಲ್ಲದ್ದರಿಂದ ಅದನ್ನು ಎಲ್ಲಿ ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಅವನಿಗೆ ತಿಳಿಯಲಿಲ್ಲ.

ಆಗ ನಿಜಾಮರ ಕಾಲ. ಮಸ್ಕಿಯಿಂದ ಲಿಂಗಸೂಗೂರಿಗೆ ಹೋಗುವ ಬಂಡಿದಾರಿ ಬಿಟ್ಟು ಒಂದು ಹರದಾರಿ ಒಳಗೆ ಕಲ್ಲಬಾವಿ. ಲಾಲಪ್ಪ ಆ ಊರಿನ ಡಂಗುರದವನು. ಹೈದರಾಬಾದಿನಲ್ಲಿ ಹುಟ್ಟಿದ ಹುಕುಂ ರಾಯಚೂರಿಗೆ ಬಂದು, ಅಲ್ಲಿಂದ ಲಿಂಗಸೂಗೂರಿನ ಕಚೇರಿಗೆ ಬಂದು, ಅಲ್ಲಿಂದ ಕಲ್ಲಬಾವಿಯ ಗೌಡರ ಕೈಗೆ ಬಂದು, ಕಟ್ಟಕಡೆಗೆ ಲಾಲಪ್ಪನ ಗಂಟಲಿಗೆ ಬಂದು ಮುಟ್ಟುತ್ತಿತ್ತು. ಅವನಿಗೆ ನೆಗಡಿಯಾದರೆ ಸರಕಾರದ ಮಾತು ಎರಡು ದಿನ ಊರ ಅಗಸಿ ಬಾಗಿಲ ಹೊರಗೇ ನಿಲ್ಲುತ್ತಿತ್ತು.

ಡಂಗುರ ಸಾರುವುದೆಂದರೆ ಹಲಗಿ ಬಡಿದು ಕೂಗಿದರೆ ಮುಗಿಯಿತು ಎಂದು ತಿಳಿದವರು ಲಾಲಪ್ಪನ ಹಿಂದೆ ಒಂದು ದಿನ ತಿರುಗಬೇಕಿತ್ತು. ಊರೊಳಗಿನ ಒಂದೊಂದು ಬಯಲಿಗೂ ಒಂದೊಂದು ಹೆಸರು, ಒಂದೊಂದು ನಡಾವಳಿ. ಅಗಸಿಯಲ್ಲಿ ಹೊಲದ ಕಡೆ ಮುಖ ಮಾಡಿ ಕೂಗಬೇಕು. ಗೌಡರ ಕಟ್ಟೆಯ ಮುಂದೆ ಚಪ್ಪಲಿ ಬಿಟ್ಟು, ಕಟ್ಟೆಯಿಂದ ಮೂರು ಮಾರು ದೂರ, ಕೆಳಗೆ ನಿಂತು ಕೂಗಬೇಕು. ಬಸವಣ್ಣನ ಗುಡಿಯ ಪೌಳಿಯೊಳಗೆ ಹೋಗುವ ಹಾಗೇ ಇಲ್ಲ, ಗೋಡೆಯ ಹೊರಗೆ ನಿಂತು ಕೂಗಬೇಕು. ಒಳಗೆ ಕೂತ ಪೂಜಾರಿ ಕರಿಬಸಯ್ಯನವರಿಗೆ ಇಪ್ಪತ್ತು ವರ್ಷದಿಂದ ಅವನ ದನಿ ಗೊತ್ತು, ಮುಖ ಅಷ್ಟಾಗಿ ಗೊತ್ತಿಲ್ಲ. ಮೊಹರಮ್ಮಿನ ಅಲಾಯಿ ಬಯಲಿನಲ್ಲಿ ಎಲ್ಲಿ ಬೇಕಾದರೂ ನಿಲ್ಲಬಹುದು. ಬಾವಿಯ ಬಯಲಿನಲ್ಲಿ ಹೆಂಗಸರು ಹುಕುಮಿಗೆ ಅಲ್ಲೇ ಜವಾಬು ಕೊಡುತ್ತಾರೆ, ಅದಕ್ಕೆ ನಿಲ್ಲಬಾರದು. ಕಣದಲ್ಲಿ ಸುಗ್ಗಿ ಬಿಟ್ಟರೆ ನರಪಿಳ್ಳೆ ಇರುವುದಿಲ್ಲ, ಆದರೂ ಅಜ್ಜನ ಕಾಲದಿಂದ ಬಂದ ಪದ್ಧತಿ, ಗುಬ್ಬಿಗಳಿಗಾದರೂ ಸಾರಿ ಬರಬೇಕು. ಇಷ್ಟು ಬಯಲುಗಳ ಹೆಸರು ಬಾಯಿಪಾಠ ಇದ್ದ ಲಾಲಪ್ಪ ಅವುಗಳಲ್ಲಿ ಒಂದರಲ್ಲೂ ಒಂದು ಸಲವೂ ಕೂತವನಲ್ಲ. ಅದು ಅವನಿಗೆ ನೋವಾಗಿತ್ತು, ಯಾರಿಗೂ ಹೇಳಿರಲಿಲ್ಲ.

ಹಲಗಿಯ ಚರ್ಮ ತಂಪಿಗೆ ಸಡಿಲಾಗುತ್ತದೆ. ಬಡಿಯುವ ಮೊದಲು ಅದನ್ನು ಬೆಂಕಿಗೆ ಹಿಡಿದು ಕಾಸಬೇಕು. ಈ ಕೆಲಸವನ್ನು ಲಾಲಪ್ಪ ತನ್ನ ಮನೆಯ ಅಂಗಳದಲ್ಲಿ ಮಾಡುತ್ತಿದ್ದ. ಒಳ್ಳೆಯ ಅಂಗಳ ಅದು. ನಡುವೆ ದೊಡ್ಡ ಬೇವಿನ ಗಿಡ, ಸುತ್ತ ಮೊಣಕಾಲುದ್ದದ ಮಣ್ಣಿನ ಗೋಡೆ, ಹೆಂಡತಿ ಗದ್ದೆಮ್ಮ ಸೆಗಣಿಯಿಂದ ಸಾರಿಸಿ ಸಾರಿಸಿ ಗಟ್ಟಿ ಮಾಡಿದ ನೆಲ. ಒಂದು ಹಿಡಿ ಜೋಳದ ಕಣಿಕೆ ಹೊತ್ತಿಸಿ, ಹಲಗಿ ಕಾಸಿ, ನಾಕು ಪೆಟ್ಟು ಬಡಿದು ನೋಡಿ, ಮಾತು ತಪ್ಪಬಾರದೆಂದು ಆ ದಿನದ ಹುಕುಮನ್ನು ಒಮ್ಮೆ ಗಟ್ಟಿಯಾಗಿ ಕೂಗಿಕೊಳ್ಳುತ್ತಿದ್ದ. ಕೇಳುವವರು ಗದ್ದೆಮ್ಮ ಮತ್ತು ಏಳು ಕೋಳಿಗಳು. ಹೀಗಾಗಿ ಸರಕಾರದ ಕಾರಭಾರ ಊರಿನಲ್ಲಿ ಎಲ್ಲರಿಗಿಂತ ಮೊದಲು ಗದ್ದೆಮ್ಮನಿಗೆ ತಿಳಿಯುತ್ತಿತ್ತು. ಒಂದು ಹುಕುಮನ್ನೂ ಆಕೆ ಮೆಚ್ಚಿದ್ದಿಲ್ಲ.

ಒಂದು ಬೇಸಿಗೆಯಲ್ಲಿ ಲಿಂಗಸೂಗೂರಿನಿಂದ ಕಂದಾಯದ ಗಿರ್ದಾವರ ಚಾಂದ್‌ಪಾಷಾ ಸಾಹೇಬರು ಕುದುರೆಯ ಮೇಲೆ ಬಂದರು. ಗೌಡರ ಕಟ್ಟೆಯ ಮೇಲೆ ಜಮಖಾನೆ ಹಾಸಿದರು, ಊರು ಸುತ್ತ ನೆರೆಯಿತು. ಸಾಹೇಬರು ತಂದ ಹೊಸ ಹುಕುಂ ಹೀಗಿತ್ತು: ಪ್ರತಿ ಊರಿನಲ್ಲಿ ಒಂದು ಬಯಲನ್ನು ಸರಕಾರದ ಸದರ್ ಚೌಕ, ಅಂದರೆ ಮುಖ್ಯ ಚೌಕ, ಎಂದು ದಾಖಲು ಮಾಡಬೇಕು. ಆ ಜಾಗಕ್ಕೆ ಎರಡು ಲಕ್ಷಣ ಇರಬೇಕು. ಒಂದು, ಡಂಗುರ ಮೊದಲು ಅಲ್ಲೇ ಸಾರುವ ರೂಢಿ ಇರಬೇಕು. ಎರಡು, ರಯತರಲ್ಲಿ ಯಾರು ಬಂದು ಕೂತರೂ ಅಡ್ಡಿ ಇರಬಾರದು.

ಗೌಡ ಶಿವಶರಣಪ್ಪನವರು ದೊಡ್ಡ ಮೀಸೆಯವರು, ಅದಕ್ಕಿಂತ ದೊಡ್ಡ ಮರ್ಯಾದೆಯವರು. ಅವರು ಎರಡನೆಯ ಲಕ್ಷಣವನ್ನು ಕೇಳಿಸಿಕೊಳ್ಳಲೇ ಇಲ್ಲ. ಸಾಹೇಬರು ಈ ಕಟ್ಟೆಯ ಮೇಲೆ ಯಾರು ಯಾರು ಕೂಡುತ್ತಾರೆ ಎಂದು ಕೇಳಿದ್ದೇ ತಡ, ಮೀಸೆಯ ಮೇಲೆ ಕೈ ಹೋಯಿತು.

"ನಮ್ಮ ಕಟ್ಟಿ ಮ್ಯಾಲ ಕಂಡಕಂಡವರು ಕುಂದ್ರಂಗಿಲ್ಲ ಸಾಹೇಬ್ರ. ಅಜ್ಜನ ಕಾಲದಿಂದ್ಲೂ ಇಲ್ಲ."

ಸಾಹೇಬರು ಅದನ್ನು ಅಕ್ಷರ ತಪ್ಪದೆ ಬರೆದುಕೊಂಡರು. ಕರಿಬಸಯ್ಯನವರು ಹಿಂದೆ ಬೀಳಲಿಲ್ಲ. ಪೌಳಿಯೊಳಗೆ ಯಾರು ಯಾರಿಗೆ ಪ್ರವೇಶವಿಲ್ಲ ಎಂಬುದನ್ನು ಅವರು ಎಷ್ಟು ಸವಿಸ್ತಾರವಾಗಿ ಹೇಳಿದರೆಂದರೆ ಸಾಹೇಬರು ಎರಡು ಸಲ ಹಾಳೆ ಮಗುಚಬೇಕಾಯಿತು. ಆಮೇಲೆ ಅವರು ಕೆಳಗೆ, ಮೂರು ಮಾರು ದೂರ, ಬಿಸಿಲಲ್ಲಿ ನಿಂತಿದ್ದ ಲಾಲಪ್ಪನ ಕಡೆ ತಿರುಗಿ, ಡಂಗುರ ಮೊದಲು ಎಲ್ಲಿ ಸಾರುತ್ತಿ ಎಂದು ಕೇಳಿದರು.

ಲಾಲಪ್ಪ ಇದ್ದದ್ದನ್ನು ಇದ್ದಂತೆ ಹೇಳಿದ. ಹಲಗಿ ಕಾಸುವುದು ತನ್ನ ಅಂಗಳದಲ್ಲಿ, ಮೊದಲ ಕೂಗು ಕೂಗುವುದೂ ಅಲ್ಲೇ. ಅಲ್ಲಿಯವರೆಗೆ ಎಲ್ಲವೂ ಸರಿ ಇತ್ತು. ಅಷ್ಟರಲ್ಲಿ ಗೌಡರು ನಕ್ಕರು. ಆ ಅಂಗಳದಲ್ಲಿ ಕೋಳಿ ಕೂಡುತ್ತವೆ, ಬರೆದುಕೊಳ್ಳಿ ಸಾಹೇಬರೇ, ಎಂದರು. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಲಾಲಪ್ಪನಿಗೆ ಬಿಸಿಲಿಗಿಂತ ಆ ನಗೆ ಸುಟ್ಟಿತು. ಸಾಹೇಬರು ನಗದೆ, ಅಲ್ಲಿ ಯಾರು ಬಂದು ಕೂಡುತ್ತಾರೆ ನೀನೇ ಹೇಳು ಎಂದರು.

"ಎಲ್ಲಾರೂ ಬಂದು ಕುಂದರ್ತಾರ್ರೀ ಸಾಹೇಬ್ರ," ಎಂದ ಲಾಲಪ್ಪ. "ಯಾರಿಗೂ ಅಡ್ಡಿ ಇಲ್ಲ."

ಎರಡನೆಯ ಮಾತು ಸತ್ಯ. ಮೊದಲನೆಯದು ಶುದ್ಧ ಸುಳ್ಳು. ಆ ಅಂಗಳಕ್ಕೆ ಬಂದು ಕೂಡುತ್ತಿದ್ದವಳು ಓಣಿಯ ತುದಿಯ ಬಳೆಗಾರ್ತಿ ಖಾತೂನ್‌ಬೀ ಒಬ್ಬಳೇ, ಅದೂ ಗದ್ದೆಮ್ಮನ ಕೂಡ ಎಲೆ ಅಡಿಕೆ ಹಾಕಲು. ಗಿರ್ದಾವರ ಸಾಹೇಬರು ಎರಡೂ ಮಾತನ್ನು ಒಂದೇ ಸಾಲಿನಲ್ಲಿ ಬರೆದು, ಮಸಿ ಆರಲು ಮರಳು ಉದುರಿಸಿ, ಕುದುರೆ ಹತ್ತಿ ಹೋದರು. ಲಾಲಪ್ಪ ಮನೆಗೆ ಬಂದು ಹೆಂಡತಿಗೆ ಏನೂ ಹೇಳಲಿಲ್ಲ. ಸರಕಾರ ಬರೆದುಕೊಂಡದ್ದೆಲ್ಲ ಎಲ್ಲಿ ನೆನಪಿಡುತ್ತದೆ ಎಂದು ಸಮಾಧಾನ ಮಾಡಿಕೊಂಡ.

ಸರಕಾರ ನೆನಪಿಟ್ಟಿತು. ಮುಂಗಾರು ಮುಗಿದ ಮೇಲೆ ಒಂದು ಮಧ್ಯಾಹ್ನ ಕಚೇರಿಯ ಜವಾನ ದಾದೇಸಾಬ ಬಂಡಿಯಲ್ಲಿ ಒಂದು ಕಂಬ, ಒಂದು ತಗಡಿನ ಫಲಕ ಹೇರಿಕೊಂಡು ಬಂದ. ನೇರ ಗೌಡರ ಕಟ್ಟೆಗೆ ಬಂದು, ಸದರ್ ಚೌಕ ಎಲ್ಲಿ ಎಂದು ಕೇಳಿದ. ಗೌಡರು ಎದೆ ಉಬ್ಬಿಸಿ, ಇದೇ ಎಂದರು. ದಾದೇಸಾಬ ಕಾಗದ ನೋಡಿ, ಇದಲ್ಲ, ಲಾಲಪ್ಪನ ಅಂಗಳ ಅಂತ ಐತಿ ಎಂದ. ಗೌಡರು ಇನ್ನೊಮ್ಮೆ ನೋಡಲು ಹೇಳಿದರು. ಅವನು ಇನ್ನೊಮ್ಮೆ ನೋಡಿದ. ಕಾಗದ ಬದಲಾಗಿರಲಿಲ್ಲ.

ಕಂಬ ಲಾಲಪ್ಪನ ಅಂಗಳದಲ್ಲಿ, ಸರಿಯಾಗಿ ಗದ್ದೆಮ್ಮ ಮೆಣಸಿನಕಾಯಿ ಒಣಗಿಸುವ ಜಾಗದಲ್ಲಿ, ನೆಲದೊಳಗೆ ಇಳಿಯಿತು. ಊರಿನಲ್ಲಿ ಉರ್ದು ಅಕ್ಷರ ಬಲ್ಲವರು ಇಬ್ಬರೇ, ಒಬ್ಬರು ಕಟ್ಟೆ ಬಿಟ್ಟು ಇಳಿಯದ ಗೌಡರು, ಇನ್ನೊಬ್ಬಳು ಖಾತೂನ್‌ಬೀ. ಆಕೆ ಬಳೆಯ ಮಲಾರ ಗೋಡೆಯ ಮೇಲಿಟ್ಟು, ಸದರ್ ಚೌಕ್, ಮೌಜೆ ಕಲ್ಲಬಾವಿ ಎಂದು ಓದಿ ಹೇಳಿದಳು. ತನ್ನ ಹೆಸರು ಎಲ್ಲಿದೆ ಎಂದು ಲಾಲಪ್ಪ ಮೆಲ್ಲಗೆ ಕೇಳಿದ. ಅದು ಇರಲಿಲ್ಲ. ಅವನಿಗೆ ಸ್ವಲ್ಪ ಬೇಸರವಾಯಿತು ಎಂಬುದನ್ನು ಮುಚ್ಚಿಡಬೇಕಿಲ್ಲ.

ಗದ್ದೆಮ್ಮನಿಗೆ ಬೇಕಾಗಿದ್ದು ಹೆಸರಲ್ಲ, ಕಾರಣ. ಆಕೆ ಕೈಯಲ್ಲಿ ಮೊರ ಹಿಡಿದು ನಿಂತು ಕೇಳಿದ ರೀತಿಗೆ ಲಾಲಪ್ಪನ ಬಾಯಿಂದ ಸುಳ್ಳು ಪೂರ್ತಿ ಹೊರಬಿತ್ತು.

"ಎಲ್ಲಾರೂ ಅಂದ್ರ ಯಾರು?" ಎಂದಳು ಗದ್ದೆಮ್ಮ. "ಒಂದೊಂದ ಹೆಸರು ಹೇಳು, ನಾ ಕೇಳ್ತೀನಿ."

ಲಾಲಪ್ಪ ಖಾತೂನ್‌ಬೀಯ ಹೆಸರು ಹೇಳಿದ. ಬಹಳ ಹೊತ್ತು ಯೋಚಿಸಿ, ಹಬ್ಬಕ್ಕೆ ಬರುವ ತನ್ನ ಅಕ್ಕನ ಹೆಸರು ಹೇಳಿದ. ಅಷ್ಟಕ್ಕೆ ಎಲ್ಲರೂ ಮುಗಿದರು.

ಫಲಕ ನೆಟ್ಟು ಹೋಗಬೇಕಾದ ದಾದೇಸಾಬ ಹೋಗಲಿಲ್ಲ. ಚೌಕದ ಕಾಯಿದೆ ನಡೆಯುತ್ತದೋ ಇಲ್ಲವೋ ನಾಕು ದಿನ ಇದ್ದು ನೋಡಿ ಬಾ ಎಂದು ಕಚೇರಿಯಲ್ಲಿ ಹೇಳಿ ಕಳಿಸಿದ್ದರಂತೆ. ಕಾಯಿದೆಯಲ್ಲಿ ಒಂದು ಕಲಮು ಬೀಡಾಡಿ ದನಗಳದ್ದು. ದಾರಿಯಲ್ಲಿ ತಿರುಗುವ ದನ ಸಿಕ್ಕರೆ ಮೂರು ದಿನ ಸದರ್ ಚೌಕದಲ್ಲಿ ಕಟ್ಟಬೇಕು, ಯಾರದೆಂದು ಡಂಗುರ ಸಾರಬೇಕು, ಯಜಮಾನ ಖುದ್ದಾಗಿ ಚೌಕದೊಳಗೆ ಬಂದು ಗುರುತು ಹೇಳಿ ಬಿಡಿಸಿಕೊಳ್ಳಬೇಕು. ಬರದಿದ್ದರೆ ದನ ಲಿಂಗಸೂಗೂರಿನ ಕೊಂಡವಾಡಕ್ಕೆ. ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತ ಹೊರಟಿದ್ದ ದಾದೇಸಾಬನ ಎದುರಿಗೆ ಒಂದು ದೊಡ್ಡ ಎಮ್ಮೆ ಬಂತು. ಹಿಡಿದು ತಂದು ಬೇವಿನ ಗಿಡಕ್ಕೆ ಕಟ್ಟಿದ.

ಅದು ಗೌಡರ ಎಮ್ಮೆ ಚಂದ್ರಿ. ಅದು ಗೊತ್ತಿಲ್ಲದವನು ಇಡೀ ಕಲ್ಲಬಾವಿಯಲ್ಲಿ ದಾದೇಸಾಬ ಒಬ್ಬನೇ. ಲಾಲಪ್ಪ ಕಿವಿಯಲ್ಲಿ ಹೇಳಿದ. ದಾದೇಸಾಬ, ಗೊತ್ತಿದ್ದದ್ದು ಗೊತ್ತಿಲ್ಲದ್ದು ಸರಕಾರಕ್ಕೆ ಬೇಕಿಲ್ಲ, ಕಾಯಿದೆ ಪ್ರಕಾರ ಸಾರು ಎಂದ.

ಲಾಲಪ್ಪ ಹಲಗಿ ಕಾಸಿದ. ಅಗಸಿಯಲ್ಲಿ ಸಾರಿದ, ಬಾವಿಯ ಬಯಲಿನಲ್ಲಿ ಸಾರಿದ, ಕಣಕ್ಕೆ ಹೋಗಿ ಗುಬ್ಬಿಗಳಿಗೂ ಸಾರಿದ. ಕಟ್ಟೆಯ ಕಡೆಗೆ ಕಾಲು ಹೋಗಲೊಲ್ಲವು. ಆದರೂ ಹೋಗಿ, ಚಪ್ಪಲಿ ಬಿಟ್ಟು, ಮೂರು ಮಾರು ದೂರ ನಿಂತ. ಮೇಲೆ ಗೌಡರು ಎಲೆ ಹಾಕಿಕೊಂಡು ಕೂತಿದ್ದರು.

"ಕೇಳ್ರಪೋ ಕೇಳ್ರಿ," ಎಂದು ಕಣ್ಣು ಮುಚ್ಚಿ ಕೂಗಿದ ಲಾಲಪ್ಪ. "ಎಡಗೋಡು ಸೊಟ್ಟ ಇರೋ ಬೀಡಾಡಿ ಎಮ್ಮಿ ಒಂದು ಸದರ್ ಚೌಕದಾಗ ಐತಿ. ಯಜಮಾನ ಯಾರಂತ ಸರಕಾರಕ್ಕ ಗೊತ್ತಿಲ್ಲ. ಯಾರಿಗಾರ ಗೊತ್ತಿದ್ರ ಹೇಳ್ರಿ."

ಗೌಡರು ಎಲೆಯನ್ನು ಉಗುಳಲೂ ಇಲ್ಲ, ನುಂಗಲೂ ಇಲ್ಲ. ಲಾಲಪ್ಪ ಕಣ್ಣು ಬಿಡದೆ ಹಿಂದಕ್ಕೆ ಹೆಜ್ಜೆ ಹಾಕುತ್ತ ಓಣಿಯ ತಿರುವಿನವರೆಗೂ ಹೋದ.

ಮೊದಲ ದಿನ ಗೌಡರ ಆಳು ಬಂದ. ಖುದ್ದಾಗಿ ಎಂದರೆ ಆಳಲ್ಲ ಎಂದು ದಾದೇಸಾಬ ತಿರುಗಿ ಕಳಿಸಿದ. ಎರಡನೆಯ ದಿನ ಆಳು ಗೌಡರ ರುಮಾಲು ತಂದ, ಇದನ್ನೇ ಗೌಡರೆಂದು ತಿಳಿಯಿರಿ ಎಂದ. ದಾದೇಸಾಬ ರುಮಾಲಿಗೆ ಎಮ್ಮೆಯ ಗುರುತು ಕೇಳಿದ, ಅದು ಹೇಳಲಿಲ್ಲ. ಇತ್ತ ಗದ್ದೆಮ್ಮ, ಮೂಕ ಪ್ರಾಣಿ ಉಪವಾಸ ಬೀಳಬಾರದೆಂದು ಚಂದ್ರಿಗೆ ಹಸಿ ಸೊಪ್ಪೆ ಹಾಕಿದಳು, ಹೊಟ್ಟು ಕಲಸಿಟ್ಟಳು, ಮೈ ತೊಳೆದಳು. ಗೌಡರ ಮನೆಯ ದೊಡ್ಡ ಕೊಟ್ಟಿಗೆಯಲ್ಲಿ ಹದಿನೆಂಟರಲ್ಲಿ ಒಂದಾಗಿದ್ದ ಚಂದ್ರಿ ಈ ಹೊಸ ಮರ್ಯಾದೆಗೆ ಬೇಗ ಒಗ್ಗಿಕೊಂಡಿತು.

ಮೂರನೆಯ ದಿನ ಹೊತ್ತು ಇಳಿಯುವಾಗ ಗೌಡರೇ ಬಂದರು. ಗೋಡೆಯ ಹೊರಗೆ ನಿಂತು ಎಮ್ಮೆಯನ್ನು ಕರೆದರು. ಚಂದ್ರಿ ನೋಡಿತು, ಮೆಲುಕು ಹಾಕಿತು. ಗೌಡರು ಅಕ್ಕಪಕ್ಕ ನೋಡಿದರು. ಅಕ್ಕಪಕ್ಕದ ಮನೆಗಳ ಮಂದಿಗೆಲ್ಲ ಆಗಲೇ ಮಾಳಿಗೆಯ ಮೇಲೆ ಕೆಲಸ ಬಂದಿತ್ತು. ಕಡೆಗೆ ಅವರು ಒಳಗೆ ಕಾಲಿಟ್ಟರು. ಸರಕಾರಿ ಫಲಕ ಕಂಡಿತೋ ಏನೋ, ಕಚೇರಿಗೆ ಹೋದಾಗಿನ ರೂಢಿಯಂತೆ ಚಪ್ಪಲಿಯನ್ನು ಹೊರಗೆ ಬಿಟ್ಟರು. ಎಡಗೋಡಿನ ಗುರುತು ಹೇಳಿದರು. ಗದ್ದೆಮ್ಮ ಬೆನ್ನು ತಟ್ಟಿ ಹೋಗವ್ವ ಎಂದ ಮೇಲೆ ಎಮ್ಮೆ ಹೊರಟಿತು. ಲಾಲಪ್ಪನಿಗೆ ಎಮ್ಮೆ ಕಾಣಲಿಲ್ಲ, ಗೌಡರೂ ಕಾಣಲಿಲ್ಲ. ತನ್ನ ಅಂಗಳದ ಬಾಯಿಯಲ್ಲಿ ಬಿಟ್ಟ ಗೌಡರ ಕಿರ್ರೆನ್ನುವ ಚಪ್ಪಲಿಗಳನ್ನೇ ನೋಡುತ್ತ ನಿಂತಿದ್ದ.

ಗೌಡರು ಮನೆಗೆ ಹೋಗಿ ಸುಮ್ಮನೆ ಕೂಡಲಿಲ್ಲ. ಲಿಂಗಸೂಗೂರಿಗೆ ಅರ್ಜಿ ಹೋಯಿತು, ಕೆಳಗೆ ಕರಿಬಸಯ್ಯನವರ ರುಜುವೂ ಬಿತ್ತು. ಡಂಗುರದ ಲಾಲಪ್ಪ ಸರಕಾರಕ್ಕೆ ಸುಳ್ಳು ಹೇಳಿಕೆ ಕೊಟ್ಟಿದ್ದಾನೆ. ಅವನ ಅಂಗಳಕ್ಕೆ ಯಾರೂ ಹೋಗಿ ಕೂಡುವುದಿಲ್ಲ. ಆದ್ದರಿಂದ ಫಲಕ ಕೀಳಬೇಕು, ಡಂಗುರದ ಹಕ್ಕನ್ನು ಅವನಿಂದ ಕಿತ್ತು ಬೇರೆಯವರಿಗೆ ಕೊಡಬೇಕು. ಎಂಟು ದಿನದಲ್ಲಿ ಉತ್ತರ ಬಂತು. ಬರುವ ಗುರುವಾರ ತಹಸೀಲ್ದಾರ ಸಾಹೇಬರು ಖುದ್ದಾಗಿ ಬಂದು ವಿಚಾರಣೆ ಮಾಡುತ್ತಾರೆ. ವಿಚಾರಣೆ ಊರಿನ ಸದರ್ ಚೌಕದಲ್ಲಿ. ಸಾಕ್ಷಿ ಹೇಳುವವರೆಲ್ಲ ಅಲ್ಲಿ ಹಾಜರಿರಬೇಕು. ಇದನ್ನು ಊರಿಗೆಲ್ಲ ಡಂಗುರ ಸಾರತಕ್ಕದ್ದು.

ಡಂಗುರ ಸಾರುವವನು ಊರಿನಲ್ಲಿ ಒಬ್ಬನೇ. ಲಾಲಪ್ಪ ಹಲಗಿ ಕಾಸಿ, ನಾಕು ಪೆಟ್ಟು ಬಡಿದು, ರೂಢಿಯಂತೆ ಮೊದಲು ಕೋಳಿಗಳಿಗೂ ಗದ್ದೆಮ್ಮನಿಗೂ ಸಾರಿದ. ಆಮೇಲೆ ಬಯಲು ಬಯಲಿಗೆ ಹೋಗಿ, ಒಂದು ಶಬ್ದ ನುಂಗದೆ, ದನಿ ತಗ್ಗಿಸದೆ ಕೂಗಿದ. ಲಾಲಪ್ಪ ಎಂಬವನು ಸುಳ್ಳು ಹೇಳಿದ್ದಾನೆ, ಲಾಲಪ್ಪನ ಅಂಗಳದಲ್ಲಿ ಯಾರೂ ಕೂಡುವುದಿಲ್ಲ ಎಂದು ಬಲ್ಲವರೆಲ್ಲ ಗುರುವಾರ ಲಾಲಪ್ಪನ ಅಂಗಳಕ್ಕೆ ಬರಬೇಕು. ಬಾವಿಯ ಹೆಂಗಸರು ಅವತ್ತು ಜವಾಬು ಕೊಡಲಿಲ್ಲ. ಪೌಳಿಯ ಗೋಡೆಯ ಆಚೆ ಕರಿಬಸಯ್ಯನವರು, ಇವನಷ್ಟು ಚೊಕ್ಕ ಸಾರುವವ ಇನ್ನೊಬ್ಬ ಸಿಗಲಿಕ್ಕಿಲ್ಲ ಎಂದು ಮನಸ್ಸಿನಲ್ಲಿ ಅಂದುಕೊಂಡರು ಎಂದು ಆಮೇಲೆ ಹೇಳಿದ್ದುಂಟು.

ಬುಧವಾರ ಸಂಜೆ ಲಾಲಪ್ಪ ಊಟ ಬಿಟ್ಟ. ಆ ಹಲಗಿ ಅವನ ಅಜ್ಜನದು. ಹಲಗಿ ಹೋದರೆ ಊರಿನಲ್ಲಿ ತನ್ನ ಮಾತಿಗೆ ಯಾರೂ ಕಿವಿ ಕೊಡುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಈಗಲಾದರೂ ಅವನ ಬಾಯಿಂದ ಸರಕಾರ ಮಾತಾಡುತ್ತಿತ್ತು, ನಾಳೆಯಿಂದ ಬರೀ ಲಾಲಪ್ಪ ಮಾತಾಡಬೇಕು. ಗೌಡರ ಕಾಲಿಗೆ ಬಿದ್ದು ತಪ್ಪಾಯಿತು ಅಂದುಬಿಡುತ್ತೇನೆ ಎಂದು ಎದ್ದ. ಗದ್ದೆಮ್ಮ ಸೆಗಣಿಯ ಬುಟ್ಟಿ ಕೆಳಗಿಟ್ಟಳು.

"ಹೇಳೂದು ಹೇಳಿಬಿಟ್ಟಿ," ಎಂದಳು. "ನಾಳೆ ತಪ್ಪು ಅಂದ್ರಾತು, ಸಾಹೇಬ್ರ ಮುಂದ ಅನ್ನು. ಗೌಡ್ರ ಕಾಲಿಗ್ಯಾಕ? ಮಂದಿ ಬರ್ತಾರ, ಅಂಗಳ ಸಾರಸ್ತೀನಿ. ನೀ ನೀರು ತಾ."

ಗುರುವಾರ ಬೆಳಿಗ್ಗೆಯೇ ಊರು ಬಂತು. ಬಂತು ಎಂದರೆ ಗೋಡೆಯವರೆಗೆ. ಒಳಗೆ ಕಾಲಿಟ್ಟರೆ ಸಾಕ್ಷಿ ಕೆಡುತ್ತದೆ ಎಂದು ಗೌಡರು ಎಲ್ಲರಿಗೂ ಹೇಳಿಟ್ಟಿದ್ದರು. ಒಳಗೆ ಸಾರಿಸಿದ ಅಂಗಳ, ಫಲಕ, ಒಂದು ಮಂಚ, ಒಂದು ಕೊಡ ನೀರು, ಗಿಡದ ಕೆಳಗೆ ಗದ್ದೆಮ್ಮ ಮತ್ತು ಖಾತೂನ್‌ಬೀ. ಹೊರಗೆ ಓಣಿಯ ತುಂಬ ಕಲ್ಲಬಾವಿ, ನಿಂತುಕೊಂಡು.

ತಹಸೀಲ್ದಾರರು ಒಂಬತ್ತಕ್ಕೆ ಬರಬೇಕಿತ್ತು. ಮಸ್ಕಿ ಹಳ್ಳದಲ್ಲಿ ಅವರ ಬಂಡಿಯ ಗಾಲಿ ಹೂತಿದೆ ಎಂದು ಸುದ್ದಿ ಬಂತು. ಹತ್ತಾಯಿತು, ಹನ್ನೊಂದಾಯಿತು. ಗೋಡೆಯ ಮಗ್ಗುಲಿನ ನೆರಳು ಗೇಣುದ್ದವಾಯಿತು, ಆಮೇಲೆ ಅದೂ ಗೋಡೆಯ ಬುಡಕ್ಕೆ ಸೇರಿತು. ನಮ್ಮ ಕಡೆಯ ಬಿಸಿಲನ್ನು ಬಲ್ಲವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಇಡೀ ಓಣಿಯಲ್ಲಿ ನೆರಳು ಉಳಿದದ್ದು ಒಂದೇ ಕಡೆ, ಬೇವಿನ ಗಿಡದ ಕೆಳಗೆ.

ಮೊದಲು ಕರಿಬಸಯ್ಯನವರು ಒಳಗೆ ಬಂದರು. ವಯಸ್ಸಾದವರು, ಮೊಣಕಾಲು ನೋವು. ಫಲಕ ಹತ್ತಿರದಿಂದ ನೋಡಬೇಕಿತ್ತು ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಬಂದರು, ನೋಡಿದರು, ಉರ್ದು ಓದಲು ಬಾರದ್ದರಿಂದ ಬೇಗ ಮುಗಿಯಿತು, ಗಿಡಕ್ಕೆ ಆತುಕೊಂಡು ಕೂತರು. ಅವರಿಗೆ ಗಾಳಿ ಹಾಕಲೆಂದು ಇಬ್ಬರು ಬಂದರು. ಗಾಳಿ ಹಾಕುವವರನ್ನು ಮಾತಾಡಿಸಲೆಂದು ನಾಲ್ವರು ಬಂದರು. ಬಾವಿಯ ಹೆಂಗಸರು ನೆಪವನ್ನೇ ಹುಡುಕದೆ ಸೀದಾ ಬಂದು ಗದ್ದೆಮ್ಮನ ಮಗ್ಗುಲಿಗೆ ಕೂತರು. ಹನ್ನೆರಡರ ಹೊತ್ತಿಗೆ ಓಣಿಯಲ್ಲಿ ಗೌಡರು ಒಬ್ಬರೇ ಉಳಿದರು, ತಲೆಯ ಮೇಲೆ ರುಮಾಲು, ರುಮಾಲಿನ ಮೇಲೆ ಸೂರ್ಯ.

"ಬರ್ರಿ ಗೌಡ್ರ," ಎಂದಳು ಖಾತೂನ್‌ಬೀ. "ಮನ್ನೆ ಎಮ್ಮಿಗಂತ ಬಂದಿದ್ರಿ. ದಾರಿ ಗೊತ್ತೈತಿ."

ಗೌಡರು ಬಂದರು. ಮೊದಲು ಶಲ್ಯ ಹಾಸಿ ಅದರ ತುದಿಯಲ್ಲಿ ಕೂತರು. ಅರ್ಧ ಗಂಟೆಯಲ್ಲಿ ಶಲ್ಯ ಮುಖ ಒರೆಸಲು ಬೇಕಾಯಿತು, ನೆಲದ ಮೇಲೆ ಕೂತರು. ಸೆಗಣಿ ಸಾರಿಸಿದ ನೆಲ ತಣ್ಣಗಿತ್ತು. ಮಾತು ಹುಟ್ಟಿತು. ಹಿಂಗಾರಿ ಜೋಳ ಹೇಗಿದೆ, ಚಂದ್ರಿ ಈಗ ಯಾಕೆ ಹೊಟ್ಟು ಮೂಸುವುದಿಲ್ಲ, ಹೊಟ್ಟಿಗೆ ಗದ್ದೆಮ್ಮ ಏನು ಬೆರೆಸಿದ್ದಳು. ಬೆಲ್ಲದ ನೀರು ಎಂದಳು ಗದ್ದೆಮ್ಮ. ಗೌಡರು ಅದನ್ನು ನೆನಪಿಟ್ಟುಕೊಂಡರು. ನೀರಿನ ಕೊಡದ ಹತ್ತಿರ ಮಾತ್ರ ಬಹಳ ಹೊತ್ತು ಯಾರೂ ಸುಳಿಯಲಿಲ್ಲ. ಎಲ್ಲರ ಗಂಟಲೂ ಒಣಗಿತ್ತು, ಎಲ್ಲರ ಕಣ್ಣೂ ಅಲ್ಲೇ ಇತ್ತು. ಕಡೆಗೆ ಕರಿಬಸಯ್ಯನವರೇ ಕೆಮ್ಮಿದರು.

"ಸರಕಾರಿ ಚೌಕದಾಗಿನ ನೀರು ಅಂದ್ರ ಸರಕಾರದ್ದು," ಎಂದು ಬೊಗಸೆ ಒಡ್ಡಿದರು. "ಹಾಕವ್ವ."

ಗದ್ದೆಮ್ಮ ಹಾಕಿದಳು. ಆಮೇಲೆ ಕೊಡ ಎರಡು ಸಲ ತುಂಬಬೇಕಾಯಿತು. ಗೌಡರು ಕುಡಿಯಲಿಲ್ಲ, ಕುಡಿಯುವವರಿಗೆ ಬೇಡವೆನ್ನಲೂ ಇಲ್ಲ.

ಒಂದು ಗಂಟೆಗೆ ತಹಸೀಲ್ದಾರರೂ ಗಿರ್ದಾವರ ಚಾಂದ್‌ಪಾಷಾ ಸಾಹೇಬರೂ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದರು. ಊರು ಎದ್ದು ನಿಂತು ಸಲಾಮು ಮಾಡಿ, ಬಿಸಿಲಿತ್ತಾದ್ದರಿಂದ ಮತ್ತೆ ಅಲ್ಲೇ ಕೂತಿತು. ತಹಸೀಲ್ದಾರರು ಮಂಚದ ಮೇಲೆ ಕೂತು ಅರ್ಜಿ ಓದಿಸಿದರು. ತಪ್ಪೊಪ್ಪಿಕೊಳ್ಳಬೇಕೆಂದು ಲಾಲಪ್ಪ ಮುಂದೆ ಬಂದ. ಅವರು ಅವನನ್ನು ತಡೆದು, ಮೊದಲು ಸಾಕ್ಷಿ ಎಂದರು.

ಗೌಡರು ಕೂತಲ್ಲಿಂದಲೇ, ಈ ಅಂಗಳಕ್ಕೆ ಯಾರೂ ಬಂದು ಕೂಡುವುದಿಲ್ಲ ಎಂದರು. ಅವರ ಹಿಂದೆ ಕೂತಿದ್ದ ನಾಲ್ವರು, ಹೌದು, ಯಾರೂ ಕೂಡುವುದಿಲ್ಲ ಎಂದರು. ಕರಿಬಸಯ್ಯನವರು ಗಿಡದ ಬೊಡ್ಡೆಗೆ ತಲೆ ಆನಿಸಿ, ಕಾಲು ಚಾಚಿ, ತಮಗೆ ಎಪ್ಪತ್ತು ವರ್ಷ, ಒಬ್ಬರು ಕೂತದ್ದನ್ನೂ ಕಂಡಿಲ್ಲ ಎಂದರು. ಚಾಂದ್‌ಪಾಷಾ ಸಾಹೇಬರು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ನಡುವೆ ಎಲ್ಲೋ ಅವರ ಲೇಖನಿ ನಿಂತಿತು. ಅವರು ತಲೆ ಎತ್ತಿ ಅಂಗಳವನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ನೋಡಿದರು, ಆಮೇಲೆ ತಹಸೀಲ್ದಾರರನ್ನು ನೋಡಿದರು. ತಹಸೀಲ್ದಾರರು ಆಗಲೇ ನೋಡಿ ಮುಗಿಸಿದ್ದರು. ದಾದೇಸಾಬನನ್ನು ಕರೆದು, ಊರಿನಲ್ಲಿ ಇಲ್ಲಿಗೆ ಬರದೆ ಉಳಿದವರು ಯಾರಾದರೂ ಇದ್ದಾರೆಯೇ ನೋಡಿ ಬಾ ಎಂದರು. ದಾದೇಸಾಬ ಅಗಸಿಯವರೆಗೆ ಹೋಗಿ ಬಂದು, ಗೌಡರ ಕಟ್ಟೆಯ ಮೇಲೆ ಒಂದು ನಾಯಿ ಮಲಗಿದೆ, ಬೇರೆ ಯಾರೂ ಇಲ್ಲ ಎಂದ.

ಆಗ ಲಾಲಪ್ಪನಿಗೆ ತಡೆಯಲಾಗಲಿಲ್ಲ. ಸಾಹೇಬರೇ, ನಾನು ಸುಳ್ಳು ಹೇಳಿದ್ದು ಖರೆ, ಎಲ್ಲರೂ ಬಂದು ಕೂಡುತ್ತಾರೆ ಎಂದುಬಿಟ್ಟೆ, ಹಲಗಿ ಮಾತ್ರ ತೆಗೆದುಕೊಳ್ಳಬೇಡಿ ಎಂದು ಕೈ ಮುಗಿದು ಅತ್ತುಬಿಟ್ಟ. ತಹಸೀಲ್ದಾರರು ಅವನ ಕಡೆ ತಿರುಗಿದರು. ಇಷ್ಟು ಮಂದಿಯ ಮುಂದೆ ನಿಂತು ಇಂಥ ಸುಳ್ಳು ಯಾಕೆ ಹೇಳುತ್ತಿ ಎಂದು ಗದರಿದರು. ಆಮೇಲೆ ಗಿರ್ದಾವರರಿಗೆ ಬರೆಸಿದ್ದು ಇಷ್ಟು: ಎಲ್ಲರೂ ಬಂದು ಕೂಡುತ್ತಾರೆ. ಕಣ್ಣಾರೆ ನೋಡಿದೆ. ಫಲಕ ಇದ್ದಲ್ಲೇ ಇರಲಿ, ಹಲಗಿ ಇದ್ದವನ ಕೈಯಲ್ಲೇ ಇರಲಿ.

ಗೌಡರು ಏಳಲು ಹೊರಟರು. ಹೊರಗೆ ಬಿಸಿಲು ನೋಡಿ ಮತ್ತೆ ಕೂತರು.

ತೀರ್ಮಾನವನ್ನು ಡಂಗುರ ಸಾರಬೇಕಿತ್ತು, ಕಾಯಿದೆ ಪ್ರಕಾರ ಮೊದಲು ಚೌಕದಲ್ಲಿ. ಗದ್ದೆಮ್ಮ ಕಣಿಕೆ ಹೊತ್ತಿಸಿದಳು. ಲಾಲಪ್ಪ ಮೂಗು ಒರೆಸಿಕೊಂಡು ಹಲಗಿ ಕಾಸಿದ, ನಾಕು ಪೆಟ್ಟು ಬಡಿದ, ರೂಢಿಯಂತೆ ಚಪ್ಪಲಿ ಬಿಟ್ಟ, ರೂಢಿಯಂತೆ ಗೌಡರಿಂದ ಮೂರು ಮಾರು ದೂರಕ್ಕೆ ಹಿಂದೆ ಸರಿಯತೊಡಗಿದ. ಎರಡು ಮಾರಿಗೆ ಅವನ ಬೆನ್ನು ಅವನದೇ ಮನೆಯ ಗೋಡೆಗೆ ತಾಗಿತು. ಎಡಕ್ಕೆ ನೋಡಿದ, ಮಂದಿ. ಬಲಕ್ಕೆ ನೋಡಿದ, ಮಂದಿ. ಕೆಳಗೆ ಇಳಿದು ನಿಲ್ಲಲು ಆ ಅಂಗಳದಲ್ಲಿ ಎಲ್ಲೂ ಕೆಳಗೆ ಎಂಬುದೇ ಇರಲಿಲ್ಲ. ಕೋಳಿಗಳು ಕೂಡ ಜಾಗ ಸಿಗದೆ ಗೋಡೆ ಹತ್ತಿದ್ದವು.

"ಎಲ್ಲಿಗ್ ಹೊಂಟಿ?" ಎಂದಳು ಗದ್ದೆಮ್ಮ. "ನಿನ್ನ ಅಂಗಳ ಇದು. ಕುಂದ್ರು."

ಲಾಲಪ್ಪ ಗೌಡರ ಕಡೆ ನೋಡಿದ. ಹುಟ್ಟಿದಾಗಿನಿಂದ ಅವನನ್ನು ಲಾಲ್ಯಾ ಎಂದು ಕರೆದ ಬಾಯಿ ಅದು. ಗೌಡರು ಮೀಸೆ ಮುಟ್ಟಿಕೊಂಡರು, ಬೇವಿನ ಗಿಡ ನೋಡಿದರು, ಮಗ್ಗುಲಿನವನನ್ನು ಮೊಣಕೈಯಿಂದ ತಿವಿದು ಸ್ವಲ್ಪ ಆಚೆ ಸರಿಸಿದರು. ಒಬ್ಬರು ಕೂಡುವಷ್ಟು ನೆಲ ಖಾಲಿಯಾಯಿತು.

"ಸಾರು ಲಾಲಪ್ಪ," ಎಂದರು. "ಕೇಳಾಕತ್ತೀವಿ."

ಲಾಲಪ್ಪ ಕೂತ. ಹಲಗಿಯನ್ನು ಮಡಿಲಲ್ಲಿಟ್ಟುಕೊಂಡು, ಕೇಳ್ರಪೋ ಕೇಳ್ರಿ ಎಂದು ಆ ಊರಿನ ಡಂಗುರವನ್ನು ಮೊದಲ ಸಲ ಕೂತು ಸಾರಿದ.